ಮಡಕೆ, ಬುಟ್ಟಿ, ಕತ್ತಿ: ವಸ್ತುಚಿತ್ರದಲ್ಲಿ ಯಾರ ನೆನಪು?

ಶಾಲೆಯಲ್ಲಿ ಡ್ರಾಯಿಂಗ್ ಪರೀಕ್ಷೆಗೆ ಕೂತವರಿಗೆಲ್ಲ ವಸ್ತುಚಿತ್ರ ಗೊತ್ತು. ಮೇಜಿನ ಮೇಲೊಂದು ಮಡಕೆ, ಪಕ್ಕದಲ್ಲಿ ಎರಡು ಹಣ್ಣು, ಹಿಂದೊಂದು ಬಟ್ಟೆ. ಬೆಳಕು ಎತ್ತಲಿಂದ, ನೆರಳು ಎತ್ತ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಮಡಕೆ ಯಾರದು ಅಂತ ಯಾರೂ ಕೇಳುವುದಿಲ್ಲ. ದಲಿತ ವಿಮರ್ಶೆ ಅಲ್ಲಿಂದಲೇ ಶುರುವಾಗಬೇಕು.

ಯುರೋಪಿನಲ್ಲಿ ಈ ಪ್ರಕಾರ ಬೆಳೆದದ್ದು ಉಳ್ಳವರ ಮನೆಗಳಲ್ಲಿ. 17ನೇ ಶತಮಾನದ ಡಚ್ ಚಿತ್ರಗಳಲ್ಲಿನ ಬೆಳ್ಳಿ ಬಟ್ಟಲು, ಚೀನಾ ಪಿಂಗಾಣಿ, ಸುಲಿದ ನಿಂಬೆ ಎಲ್ಲ ಹಡಗಿನ ವ್ಯಾಪಾರ ತಂದ ಸಂಪತ್ತು. ವ್ಯಾನ್ ಗೋ 1886ರಲ್ಲಿ ಬರೆದ ಸವೆದ ಬೂಟುಗಳು ಬೇರೆಯೇ ಲೋಕದವು. ಅವುಗಳಲ್ಲಿ ಜರ್ಮನ್ ತತ್ತ್ವಜ್ಞಾನಿ ಹೈಡೆಗರ್ ರೈತ ಹೆಂಗಸೊಬ್ಬಳ ದುಡಿಮೆಯನ್ನು ಕಂಡ. ಅಲ್ಲ, ಅವು ಚಿತ್ರಕಾರನವೇ ಎಂದು ಕಲಾ ಇತಿಹಾಸಕಾರ ಮೇಯರ್ ಶಪಿರೋ 1968ರಲ್ಲಿ ವಾದಿಸಿದ. ಇಬ್ಬರೂ ಹುಡುಕಿದ್ದು ಮೆಟ್ಟಿದವರನ್ನು. ಹೊಲಿದವರು ಯಾರು? ಚರ್ಮದ ಕೆಲಸಕ್ಕೇ ಜಾತಿ ಅಂಟಿಸಿದ ನಮ್ಮ ನಾಡಿನಲ್ಲಿ ಮೊದಲು ಏಳಬೇಕಾದ ಪ್ರಶ್ನೆ ಅದು.

ಈ ಪ್ರಶ್ನೆಯನ್ನು ಹಿಡಿದು ನಮ್ಮ ಶಂಕರನಾರಾಯಣದ ಕಡೆಗೆ ಬನ್ನಿ. ಕುಂದಾಪುರ ಸೀಮೆಯ ಒಕ್ಕಲು ಮನೆಗಳಿಗೆ ಹೆಡಿಗೆ, ಕುಕ್ಕೆ ಹೆಣೆದುಕೊಟ್ಟವರು ಕೊರಗರು. ಸರಕಾರದ ಪಟ್ಟಿಯಲ್ಲಿ ಅವರು ಪರಿಶಿಷ್ಟ ಪಂಗಡ. ಊರಿನ ಲೆಕ್ಕದಲ್ಲಿ ಮುಟ್ಟಿಸಿಕೊಳ್ಳದವರು. ಅವರು ಹೆಣೆದ ಬುಟ್ಟಿ ಒಳಗೆ ಹೋಯಿತು, ಹೆಣೆದವರು ಅಂಗಳದಾಚೆ ನಿಂತರು.

ಮಡಕೆಗೂ ಇಲ್ಲಿ ಬೇರೆ ಚರಿತ್ರೆಯಿದೆ. ಎಡ್ಗರ್ ಥರ್ಸ್ಟನ್ 1909ರ ತನ್ನ ಸಂಪುಟಗಳಲ್ಲಿ 'ಅಂಡೆ ಕೊರಗ'ರ ಬಗ್ಗೆ ಬರೆಯುತ್ತಾನೆ. ದಾರಿಯ ಮೇಲೆ ಉಗುಳಬಾರದೆಂದು ಅವರ ಕೊರಳಿಗೆ ಅಂಡೆ ಕಟ್ಟಿಸಿದ್ದರಂತೆ. ಪೇಶ್ವೆಗಳ ಪುಣೆಯಲ್ಲೂ ಅಸ್ಪೃಶ್ಯರ ಕೊರಳಲ್ಲಿ ಇಂಥದೇ ಮಡಕೆ ಇತ್ತೆಂದು ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ದಾಖಲಿಸಿದ್ದಾರೆ. ಇನ್ನೊಬ್ಬರ ಅನಿಷ್ಟ ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸುವ ಅಜಲು ಪದ್ಧತಿಯನ್ನು ಕಾಯಿದೆ ನಿಷೇಧಿಸಿದ್ದು 2000ದಲ್ಲಿ. ಈ ಚರಿತ್ರೆ ಬಲ್ಲ ಹುಡುಗನೊಬ್ಬ ಮೇಜಿನ ಮೇಲಿನ ಮಡಕೆಯನ್ನು ಬರೀ ಆಕಾರವಾಗಿ ನೋಡುವುದು ಹೇಗೆ?

ಹಾಗಂತ ನಮ್ಮ ನೆನಪೆಲ್ಲ ಅವಮಾನದ್ದೇ ಅಂದರೆ ಅದೂ ಸುಳ್ಳು. ನೆನಪಿಗೆಂದು ವಸ್ತು ಎತ್ತಿಡಲು ಗಟ್ಟಿ ಗೋಡೆ ಬೇಕು, ಕಪಾಟು ಬೇಕು, ಮಾರದೆ ಉಳಿಸಿಕೊಳ್ಳುವ ಅನುಕೂಲ ಬೇಕು. ಹೆಣೆದದ್ದೆಲ್ಲ ಅಕ್ಕಿಗೋ ಕಾಸಿಗೋ ಹೋದ ಮನೆಯಲ್ಲಿ ಉಳಿಯುವುದು ಬಿದಿರು ಸೀಳುವ ಕತ್ತಿ. ಅದರ ಹಿಡಿ ಒಂದೇ ಕೈಗೆ ಸವೆದಿರುತ್ತದೆ. ಅಜ್ಜಿಯ ಫೋಟೋ ಇರಲಿಕ್ಕಿಲ್ಲ, ಆದರೆ ಅವಳ ಹೆಬ್ಬೆರಳು ಕೂತ ಜಾಗ ಆ ಹಿಡಿಯ ಮೇಲಿದೆ.

ಪ್ಲಾಸ್ಟಿಕ್ ಬಂದ ಮೇಲೆ ಹೆಡಿಗೆ ಅಟ್ಟ ಸೇರಿತು; ಈಗ ಪೇಟೆಯ ಹೋಟೆಲುಗಳಲ್ಲಿ 'ಹಳ್ಳಿ ಸೊಗಡು' ಎಂದು ಗೋಡೆಗೆ ತೂಗುಬಿಡುತ್ತಾರೆ. ಹೆಣೆದವರನ್ನು ಮರೆತು ಬುಟ್ಟಿಯನ್ನಷ್ಟೇ ನೆನೆಯುವುದು ಯಜಮಾನರ ನೆನಪು. ನಮ್ಮ ಚಿತ್ರಕಾರರು ಬುಟ್ಟಿ ಬರೆಯಲಿ, ಬೇಡ ಅನ್ನುವುದಿಲ್ಲ. ಪಕ್ಕದಲ್ಲಿ ಆ ಕತ್ತಿಯನ್ನೂ ಇಡಲಿ. ಆಗ ನೋಡುವವರು "ಇದ್ ಯಾರ್ ಮಾಡದ್ದ್?" ಅಂತ ಕೇಳಲೇಬೇಕಾಗುತ್ತದೆ.