ಹೃದಯಶೂಲೆಯ ಔಷಧಗಳು: ದಂಪತಿಗಳಿಬ್ಬರೂ ಅರಿತಿರಬೇಕಾದ ವಿಷಯ

ಮಾನವನ ಹೃದಯವು ಮುಷ್ಟಿಯಷ್ಟು ಗಾತ್ರದ ಸ್ನಾಯುಮಯ ಅವಯವ. ದಿನವೊಂದಕ್ಕೆ ಸುಮಾರು 1,00,000 ಬಾರಿ ಮಿಡಿದು ಅದು ದೇಹದ ಮೂಲೆಮೂಲೆಗೂ ರಕ್ತವನ್ನು ತಲುಪಿಸುತ್ತದೆ. ಊರಿಗೆಲ್ಲ ನೀರು ಹಂಚುವವನಿಗೂ ಬಾಯಾರಿಕೆಯುಂಟಷ್ಟೆ? ಅಂತೆಯೇ ಹೃದಯಕ್ಕೂ ತನ್ನ ಪಾಲಿನ ರಕ್ತ ಬೇಕು. ಅದನ್ನು ಒದಗಿಸುವ ಕಿರೀಟ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಶೇಖರವಾದರೆ, ಹೂಳು ತುಂಬಿದ ಕಾಲುವೆಯಂತೆ ದಾರಿ ಕಿರಿದಾಗುತ್ತದೆ. ಕುಳಿತಿರುವಾಗ ಸಾಕಾಗುವ ರಕ್ತವು ದಿಬ್ಬ ಹತ್ತುವಾಗ, ಮೂಟೆ ಹೊರುವಾಗ ಸಾಲದಾಗುತ್ತದೆ. ಆಗ ಎದೆಯ ನಡುವೆ ಹಿಂಡಿದಂತೆ ನೋವು ಕಾಣಿಸಿಕೊಂಡು ತೋಳಿಗೋ ದವಡೆಗೋ ಹರಡುತ್ತದೆ, ವಿಶ್ರಾಂತಿಯಿಂದ ಶಮನವಾಗುತ್ತದೆ. ಇದೇ ಹೃದಯಶೂಲೆ. ಸ್ತ್ರೀಯರಲ್ಲಿ ಇದು ಏದುಸಿರು, ಓಕರಿಕೆ, ಅತಿಯಾದ ಆಯಾಸಗಳ ರೂಪದಲ್ಲಿಯೂ ತೋರಬಹುದು. ಬರಿಯ ವಾಯುವೆಂದು ಕಡೆಗಣಿಸಬಾರದು.

ತಕ್ಷಣದ ಶಮನಕ್ಕೆ

ಏರುದಾರಿಯಲ್ಲಿ ಬಳಲಿದ ಎತ್ತಿಗೆ ನೆರವಾಗಲು ಗಾಡಿಯ ಹೊರೆಯನ್ನು ಇಳಿಸುತ್ತೇವೆ, ಇಲ್ಲವೆ ನಡಿಗೆಯನ್ನು ನಿಧಾನಗೊಳಿಸುತ್ತೇವೆ. ಔಷಧಗಳ ಕ್ರಮವೂ ಇದೇ.

ನೈಟ್ರೇಟ್ ಮಾತ್ರೆಯು ರಕ್ತನಾಳಗಳನ್ನು ಹಿಗ್ಗಿಸಿ ಹೃದಯದ ಹೊರೆಯನ್ನು ಇಳಿಸುತ್ತದೆ. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಈ ವರ್ಗದ ನೈಟ್ರೋಗ್ಲಿಸರಿನ್ನಿನ ಉಪಯೋಗವನ್ನು ಪ್ರಕಟಿಸಿದರು. ನೋವು ಬಂದೊಡನೆ ಕೆಲಸ ನಿಲ್ಲಿಸಿ, ಕುಳಿತುಕೊಂಡು, ವೈದ್ಯರು ಕೊಟ್ಟ ಮಾತ್ರೆಯನ್ನು ನಾಲಗೆಯ ಕೆಳಗೆ ಇಡಬೇಕು. ನುಂಗಿದರೆ ಅದರ ಬಹುಪಾಲು ಯಕೃತ್ತಿನಲ್ಲಿಯೇ ವ್ಯರ್ಥವಾಗುತ್ತದೆ. ತಲೆನೋವು, ತಲೆಸುತ್ತು ಬರಬಹುದು; ಆದುದರಿಂದ ನಿಂತು ಸೇವಿಸಬಾರದು. 5 ನಿಮಿಷಗಳಲ್ಲಿ ನೋವು ಇಳಿಯದಿದ್ದರೆ ಅಥವಾ ಹೆಚ್ಚಾದರೆ ಅದು ಹೃದಯಾಘಾತವಿರಬಹುದು. ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡತಕ್ಕದ್ದು.

ದಿನನಿತ್ಯದ ರಕ್ಷಣೆಗೆ

ಅಟೆನೋಲಾಲ್, ಮೆಟೊಪ್ರೊಲಾಲ್‌ಗಳು ಹೃದಯದ ಬಡಿತವನ್ನು ನಿಧಾನಗೊಳಿಸುತ್ತವೆ. ಉಬ್ಬಸವಿರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಆಮ್ಲೊಡಿಪಿನ್ ರಕ್ತನಾಳಗಳನ್ನು ಸಡಿಲಿಸುತ್ತದೆ. ಕೆಲವರಿಗೆ ಪಾದ ಊದಿಕೊಳ್ಳಬಹುದು. ಅಲ್ಪ ಪ್ರಮಾಣದ ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಅಟೋರ್ವಸ್ಟಾಟಿನ್ ರಕ್ತದ ಕೊಬ್ಬನ್ನು ತಗ್ಗಿಸುತ್ತದೆ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ನೋವು ನಿಂತರೆ ರೋಗ ನಿಂತಿತೆಂದು ಅರ್ಥವಲ್ಲ. ಹೊರೆ ಇಳಿದಿದೆಯೇ ಹೊರತು ಹೂಳು ಅಲ್ಲಿಯೇ ಇದೆ. ಗುಣವಾಯಿತೆಂದು ಮಾತ್ರೆ ನಿಲ್ಲಿಸುವುದು ಅಪಾಯಕರ. ಅದರಲ್ಲಿಯೂ ಬಡಿತ ನಿಧಾನಗೊಳಿಸುವ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಶೂಲೆ ಮರುಕಳಿಸಿ ಹೃದಯಾಘಾತವೂ ಆಗಬಹುದು.

ದಂಪತಿಗಳಿಗೆ ವಿಶೇಷ ಸೂಚನೆ

ಎರಡು ಅಂತಸ್ತಿನ ಮೆಟ್ಟಿಲನ್ನು ನೋವಿಲ್ಲದೆ ಹತ್ತಬಲ್ಲವರಿಗೆ ದಾಂಪತ್ಯ ಸಂಬಂಧವು ಸಾಮಾನ್ಯವಾಗಿ ನಿಷಿದ್ಧವಲ್ಲ. ಆದರೆ ಪುರುಷತ್ವ ವೃದ್ಧಿಗೆಂದು ಕೊಳ್ಳುವ ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳು ನೈಟ್ರೇಟಿನೊಡನೆ ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ಅಂತಹ ಮಾತ್ರೆ ಸೇವಿಸಿದ್ದರೆ ಸಂಕೋಚ ತೊರೆದು ಪತ್ನಿಗೂ ವೈದ್ಯರಿಗೂ ತಿಳಿಸಬೇಕು.

ಹೃದಯಶೂಲೆಯಿರುವ ಸ್ತ್ರೀಯರು ಮಾಲಾ-ಎನ್‌ನಂತಹ ಈಸ್ಟ್ರೋಜನ್‌ಯುಕ್ತ ಗರ್ಭನಿರೋಧಕ ಗುಳಿಗೆಗಳನ್ನು ಸೇವಿಸಕೂಡದು. ಕಾಪರ್-ಟಿ ವಂಕಿ, ನಿರೋಧ್ ಮೊದಲಾದ ವಿಧಾನಗಳ ಬಗೆಗೆ ಆರೋಗ್ಯ ಸಹಾಯಕಿಯರನ್ನು ವಿಚಾರಿಸಬಹುದು. ಗರ್ಭ ಧರಿಸಬಯಸುವವರು ಮುಂಚಿತವಾಗಿಯೇ ವೈದ್ಯರಿಗೆ ತಿಳಿಸಿದರೆ ಔಷಧಗಳನ್ನು ಸೂಕ್ತವಾಗಿ ಬದಲಿಸುವರು.

ನಾಲಗೆಯ ಕೆಳಗಿಡುವ ಮಾತ್ರೆ ಎಲ್ಲಿದೆಯೆಂಬುದು ಪತಿಪತ್ನಿಯರಿಬ್ಬರಿಗೂ ತಿಳಿದಿರಲಿ. ಒಲೆಯ ಬಳಿ, ಬಿಸಿಲು ಬೀಳುವೆಡೆ ಅದನ್ನಿಡಬೇಡಿ. ಹೊಲಕ್ಕೆ ಹೋಗುವಾಗ ಜೊತೆಯಲ್ಲಿರಲಿ. ಬೀಡಿ, ತಂಬಾಕುಗಳನ್ನು ತ್ಯಜಿಸಿ. ರೋಗಿಯ ಮಾತ್ರೆಯ ವೇಳೆಯನ್ನು ಬಾಳಸಂಗಾತಿಯೂ ನೆನಪಿಟ್ಟುಕೊಂಡರೆ ಚಿಕಿತ್ಸೆ ತಪ್ಪದೆ ಸಾಗುವುದು, ಸಂಸಾರವೂ ನೆಮ್ಮದಿಯಿಂದಿರುವುದು.