ಪ್ರಶ್ನೋತ್ತರ ವಿಚಾರ: ಗಂಗಾವತಿಯ ಭತ್ತದ ನಿದರ್ಶನದೊಡನೆ

ಕೇಳಿದ್ದಕ್ಕೆ ಉತ್ತರ ಹೇಳುವುದೂ ಒಂದು ಶಾಸ್ತ್ರವೆಂದು ನಮ್ಮ ಪೂರ್ವಿಕರು ತಿಳಿದಿದ್ದರು. ವಸುಬಂಧುವು ಅಭಿಧರ್ಮಕೋಶದಲ್ಲಿ ಪ್ರಶ್ನೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವನು. ಹುಟ್ಟಿದವರೆಲ್ಲರೂ ಸಾಯುವರೇ ಎಂದರೆ ಹೌದೆಂದು ಒಂದೇ ಮಾತಿನಲ್ಲಿ ಹೇಳಬಹುದು. ಸತ್ತವರೆಲ್ಲರೂ ಮತ್ತೆ ಹುಟ್ಟುವರೇ ಎಂದರೆ, ಕ್ಲೇಶವುಳ್ಳವರು ಹುಟ್ಟುವರು, ಕ್ಲೇಶವಳಿದವರು ಹುಟ್ಟರು ಎಂದು ವಿಭಜಿಸಿ ಹೇಳಬೇಕು. ಮನುಷ್ಯನು ಶ್ರೇಷ್ಠನೋ ಹೀನನೋ ಎಂದರೆ, ಯಾರಿಗಿಂತ ಎಂದು ಮರುಪ್ರಶ್ನೆ ಹಾಕಬೇಕು. ಸ್ಕಂಧಗಳೂ ಜೀವನೂ ಒಂದೋ ಬೇರೆಯೋ ಎಂಬಂಥದು ಉತ್ತರಿಸದೆ ಬದಿಗಿಡತಕ್ಕುದು. ಈ ಹಳೆಯ ವಿಭಾಗವು ಇಂದಿನ ಸಂಸತ್ತಿನ ಪ್ರಶ್ನೋತ್ತರ ವೇಳೆಗೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ಇಲ್ಲಿ ವಿಚಾರಿಸುವೆವು. ಮಂತ್ರಿಗಳ ಉತ್ತರಗಳನ್ನು ಗದ್ಯದ ಒಂದು ಜಾತಿಯೆಂದು ಭಾವಿಸಿ ಓದುವ ಪದ್ಧತಿ ನಮ್ಮ ಅಧ್ಯಾಪಕರಲ್ಲಿ ಇನ್ನೂ ಬಂದಿಲ್ಲ.

ಮೊದಲು ಪ್ರಶ್ನೆಯ ಸ್ವರೂಪವನ್ನು ನೋಡೋಣ. ಈ ದೇಶದ ಶಾಸನಸಭೆಗಳಲ್ಲಿ ಪ್ರಶ್ನೆ ಕೇಳುವ ಅಧಿಕಾರವು 1892ರ ಕಾಯಿದೆಯಿಂದ ಬಂದಿತು. ಕೇಳಿದವನೇ ಉಪಪ್ರಶ್ನೆ ಹಾಕುವ ಅವಕಾಶವು 1909ರಲ್ಲಿಯೂ, ಇತರ ಸದಸ್ಯರಿಗೂ ಅದೇ ಅವಕಾಶವು 1919ರಲ್ಲಿಯೂ ದೊರೆಯಿತು. ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಯು ಬಾಯಿಮಾತಿನಲ್ಲಿ ಉತ್ತರಿಸುವನು, ಅದರ ಮೇಲೆ ಉಪಪ್ರಶ್ನೆಗಳು ಏಳುವುವು. ಚುಕ್ಕೆ ಇಲ್ಲದುದಕ್ಕೆ ಲಿಖಿತ ಉತ್ತರವಷ್ಟೇ. ಸಭೆಯ ನಡಾವಳಿಯ 41ನೆಯ ನಿಯಮವನ್ನು ಸಾಹಿತ್ಯದವರು ಅವಶ್ಯವಾಗಿ ಓದಬೇಕು. ಪ್ರಶ್ನೆಯಲ್ಲಿ ವಾದವಿರಕೂಡದು, ಅನುಮಾನವಿರಕೂಡದು, ವ್ಯಂಗ್ಯೋಕ್ತಿ ಇರಕೂಡದು, ವಿಶೇಷಣವೂ ಇರಕೂಡದು ಎಂದು ಅದು ವಿಧಿಸುವುದು. ಆನಂದವರ್ಧನನು ಕಾವ್ಯದ ಆತ್ಮವೆಂದುದನ್ನೇ ಇಲ್ಲಿ ಬಹಿಷ್ಕರಿಸಿದ್ದಾರೆ! ಆದರೆ ಆ ಧ್ವನಿಯು ಹೊರಟುಹೋಗುವುದಿಲ್ಲ, ಉಪಪ್ರಶ್ನೆಯ ಹಿಂಬಾಗಿಲಿನಿಂದ ಒಳಗೆ ಬರುವುದು. ಮಿತ್ರರಾಷ್ಟ್ರವನ್ನು ಅಗೌರವದಿಂದ ಉಲ್ಲೇಖಿಸಬಾರದು, ಸ್ವಭಾವತಃ ಗೋಪ್ಯವಾದುದನ್ನು ಕೇಳಬಾರದು ಎಂಬ ನಿಬಂಧನೆಗಳೂ ಇರುವುವು. ವಸುಬಂಧುವಿನ ನಾಲ್ಕನೆಯ ಬಗೆ, ಅಂದರೆ ಬದಿಗಿಡತಕ್ಕ ಪ್ರಶ್ನೆ, ಇಲ್ಲಿ ವಿದೇಶಾಂಗದ ಖಾತೆಗೆ ವಿಶೇಷವಾಗಿ ಸೇರಿತು.

ಈಗ ಗಂಗಾವತಿಗೆ ಬರೋಣ. ಕೃಷಿಯೂ ರಾಜತಂತ್ರವೂ ಬೇರೆ ಬೇರೆ ವಿಷಯಗಳೆಂಬ ಭಾವನೆ ಆ ಸೀಮೆಯಲ್ಲಿ ನಿಲ್ಲುವುದಿಲ್ಲ. ಅಂದು ಅದು ನಿಜಾಮನ ಹೈದರಾಬಾದು ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿತ್ತು. ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ತುಂಗಭದ್ರೆಯ ಆಚೆಯ ದಡವು ಮದ್ರಾಸು ಆಧಿಪತ್ಯದ್ದು. ಹೀಗಿರಲು ಅಣೆಕಟ್ಟನ್ನು ಕಟ್ಟುವ ಮುನ್ನ ಎರಡು ಸರ್ಕಾರಗಳು 1944ರಲ್ಲಿ ಒಡಂಬಡಿಕೆ ಮಾಡಿಕೊಳ್ಳಬೇಕಾಯಿತು. 1945ರ ಫೆಬ್ರವರಿಯಲ್ಲಿ ಎರಡು ದಡಗಳಲ್ಲಿಯೂ ಶಂಕುಸ್ಥಾಪನೆಯಾಯಿತು. ರೈತನ ಹೊಲಕ್ಕೆ ಬಂದ ನೀರು ಸಂಧಿಪತ್ರದ ಮೂಲಕವೇ ಬಂದಿತೆಂದು ಹೇಳಿದರೆ ತಪ್ಪಾಗದು. ಜಲಾಶಯದ ಕೆಲಸ 1953ರ ಹೊತ್ತಿಗೆ ಮುಗಿಯಿತು. ಎಡದಂಡೆಯ ಕಾಲುವೆಯಿಂದ ಜೋಳ ಸಜ್ಜೆಗಳ ಬಯಲು ಭತ್ತದ ಕಣಜವಾಯಿತು. ಅದೇ ಕಾಲಕ್ಕೆ, 1952ರ ಪ್ರಥಮ ಚುನಾವಣೆಯಲ್ಲಿ, ಕುಷ್ಟಗಿ ಕ್ಷೇತ್ರದಿಂದ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಪಕ್ಷೇತರರಾಗಿ ಲೋಕಸಭೆಯನ್ನು ಸೇರಿದರು. ನಿಜಾಮನ ಆಳ್ವಿಕೆಯಲ್ಲಿ ಅರ್ಜಿ ಬರೆಯುತ್ತಿದ್ದ ಜನರ ಪರವಾಗಿ, ಸರ್ಕಾರವನ್ನು ಎದ್ದುನಿಂತು ಕೇಳುವ ಅಧಿಕಾರವುಳ್ಳ ಒಬ್ಬನು ದಿಲ್ಲಿಯಲ್ಲಿ ಕುಳಿತಂತಾಯಿತು. ಅರ್ಜಿಗೆ ದಯೆಯನ್ನು ಬೇಡಬಹುದು, ಪ್ರಶ್ನೆಗಾದರೋ ಉತ್ತರವು ಸಲ್ಲತಕ್ಕ ಋಣ.

ಆ ಋಣವನ್ನು ತೀರಿಸುವವರು ಯಾರು? ಇಲ್ಲಿಯೇ ತೊಡಕು. 2023ರ ಜುಲೈ 20ರಂದು ಕೇಂದ್ರ ಸರ್ಕಾರವು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಗಂಗಾವತಿಯ ಸೋನಾ ಮಸೂರಿಯೂ ಆ ಮಾತಿನೊಳಗೆ ಬಂದಿತು. ಬೇರೆ ದೇಶದ ಸರ್ಕಾರವು ತನ್ನ ಪ್ರಜೆಗಳ ಆಹಾರಕ್ಕಾಗಿ ಕೋರಿದರೆ ಕಳುಹಿಸಬಹುದೆಂದು ಅಪವಾದವೊಂದನ್ನು ಇಟ್ಟು, ಭೂತಾನ, ಮಾರಿಷಸ್, ಸಿಂಗಪುರ ಮೊದಲಾದವುಗಳಿಗೆ ಅನುಮತಿ ಕೊಟ್ಟರು. 2024ರ ಸೆಪ್ಟೆಂಬರಿನಲ್ಲಿ ನಿಷೇಧವು ತೆರವಾಯಿತು. ಈ ಹದಿನಾಲ್ಕು ತಿಂಗಳಲ್ಲಿ ರೈತನಿಗೆ ಇದ್ದ ಪ್ರಶ್ನೆ ಒಂದೇ: ನನ್ನ ಅಕ್ಕಿ ಯಾರಿಗೆ ಹೋಗಬಹುದು, ಯಾರಿಗೆ ಹೋಗಬಾರದು ಎಂಬುದನ್ನು ನಿಶ್ಚಯಿಸಿದವರು ಯಾರು, ಏಕೆ? ಸಂಸತ್ತಿನ ಬಾಗಿಲಿಗೆ ಬಂದೊಡನೆ ಈ ಒಂದು ಪ್ರಶ್ನೆ ನಾಲ್ಕಾಗುವುದು. ಬೆಂಬಲ ಬೆಲೆಗೆ ಕೃಷಿಮಂತ್ರಿ, ನಿಷೇಧಕ್ಕೆ ವಾಣಿಜ್ಯಮಂತ್ರಿ, ದಾಸ್ತಾನಿಗೆ ಆಹಾರಮಂತ್ರಿ, ಕೋರಿದ ದೇಶದೊಡನೆ ನಡೆದ ಮಾತುಕತೆಗೆ ವಿದೇಶಾಂಗಮಂತ್ರಿ. ಸಂವಿಧಾನದ ಏಳನೆಯ ಅನುಸೂಚಿಯಂತೆ ಕೃಷಿಯೂ ನೀರೂ ರಾಜ್ಯಪಟ್ಟಿಯವು. ಪರದೇಶದ ವ್ಯಾಪಾರವೂ ರಾಜತಂತ್ರವೂ ಕೇಂದ್ರಪಟ್ಟಿಯವು. ಆದುದರಿಂದ ಬೆಂಗಳೂರಿಗೂ ಒಂದು ಪಾಲು ಹೋಗುವುದು. ಪ್ರತಿಯೊಬ್ಬರೂ ತಮ್ಮ ಭಾಗಕ್ಕೆ ಸತ್ಯವನ್ನೇ ಹೇಳಬಹುದು, ಆದರೂ ಸಮಗ್ರ ಪ್ರಶ್ನೆಗೆ ಉತ್ತರವಿಲ್ಲದೆ ಹೋಗಬಹುದು.

ಇದು ವಸುಬಂಧುವಿನ ವಿಭಜ್ಯವ್ಯಾಕರಣವಲ್ಲ. ಅಲ್ಲಿ ವಿಭಜಿಸುವವನು ಒಬ್ಬನೇ, ಭಾಗಗಳನ್ನು ಕೂಡಿಸುವ ಹೊಣೆಯೂ ಅವನದೇ. ಇಲ್ಲಿ ಕೂಡಿಸುವವನಿಲ್ಲದಿದ್ದರೆ, ಗೌತಮನು ನ್ಯಾಯಸೂತ್ರದ ಐದನೆಯ ಅಧ್ಯಾಯದಲ್ಲಿ ಹೇಳಿರುವ ಅರ್ಥಾಂತರವೆಂಬ ನಿಗ್ರಹಸ್ಥಾನಕ್ಕೆ ಹತ್ತಿರವಾಗುವುದು. ಪ್ರಕೃತವನ್ನು ಬಿಟ್ಟು ಸಂಬಂಧವಿಲ್ಲದ ಬೇರೊಂದನ್ನು ಹೇಳುವುದೇ ಅರ್ಥಾಂತರ. ಬೇರೆ ಕೆಲಸದ ನೆವದಿಂದ ಮಾತನ್ನು ಮುರಿಯುವುದು ವಿಕ್ಷೇಪ. ಪಾಠಶಾಲೆಯಲ್ಲಿ ಈ ಇಪ್ಪತ್ತೆರಡನ್ನು ಬಾಯಿಪಾಠ ಮಾಡುವಾಗ ಇವು ಯಾವ ಉಪಯೋಗಕ್ಕೆಂದು ಈ ಲೇಖಕನು ಬೇಸರಪಟ್ಟದ್ದುಂಟು. ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ ಎಂಬ, ಪ್ರಶ್ನೆಯು ಉದ್ಭವಿಸುವುದಿಲ್ಲ ಎಂಬ ಉತ್ತರಗಳನ್ನು ಓದಿದ ಮೇಲೆ ಆ ಬೇಸರ ಹೋಯಿತು. ಎರಡನೆಯದು ಯಾವಾಗಲೂ ದೋಷವಲ್ಲವೆಂಬುದನ್ನೂ ಹೇಳಬೇಕು. ಮೊದಲ ಭಾಗಕ್ಕೆ ಇಲ್ಲವೆಂದ ಮೇಲೆ ಅದನ್ನೇ ಅವಲಂಬಿಸಿದ ಭಾಗವು ನಿಜವಾಗಿಯೂ ಉದ್ಭವಿಸದು. ಎಲ್ಲಿ ನ್ಯಾಯ, ಎಲ್ಲಿ ನೆವ ಎಂಬುದನ್ನು ಉಪಪ್ರಶ್ನೆಯೇ ಬಯಲುಮಾಡಬೇಕು.

ಕೂಡಿಸಿ ಹೇಳಬಲ್ಲವನು ಸರ್ಕಾರದ ಮುಖ್ಯಸ್ಥನೊಬ್ಬನೇ. ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯೆಂದು ಸಂವಿಧಾನದ 75ನೆಯ ಅನುಚ್ಛೇದವು ಹೇಳುವುದು. ಜವಾಹರಲಾಲ ನೆಹರೂ ಅವರು 1947ರಿಂದ 1964ರ ವರೆಗೆ ವಿದೇಶಾಂಗ ಖಾತೆಯನ್ನು ತಾವೇ ಹೊತ್ತಿದ್ದರು. 1956ರಲ್ಲಿ ಅಮೆರಿಕದೊಡನೆ ಗೋದಿಯ ಒಪ್ಪಂದವಾದಾಗ ಅನ್ನವೂ ರಾಜತಂತ್ರವೂ ಹೀಗೆ ಒಂದೇ ಮೇಜಿನ ಮೇಲೆ ಇದ್ದುವು. ಅಂದು ಧಾನ್ಯವನ್ನು ಕೋರಿದ ದೇಶಕ್ಕೆ 2023ರಲ್ಲಿ ಇತರರು ಕೋರಿಕೆ ಕಳುಹಿಸಿದರು. ಕನ್ನಡಿಗರಲ್ಲಿ ಇಂತಹ ಸ್ಥಾನ ಎಚ್. ಡಿ. ದೇವೇಗೌಡರಿಗೆ 1996ರ ಜೂನಿನಲ್ಲಿ ಬಂದಿತು. ಕರ್ನಾಟಕದಲ್ಲಿ ನೀರಾವರಿ ಮಂತ್ರಿಯಾಗಿದ್ದ ಅವರು ಅದೇ ವರುಷ ಡಿಸೆಂಬರ್ 12ರಂದು ಬಾಂಗ್ಲಾದೇಶದ ಪ್ರಧಾನಿ ಷೇಖ್ ಹಸೀನಾ ಅವರೊಡನೆ ಗಂಗಾಜಲದ ಹಂಚಿಕೆಗೆ 30 ವರ್ಷಗಳ ಸಂಧಿ ಮಾಡಿಕೊಂಡರು. 1944ರಲ್ಲಿ ತುಂಗಭದ್ರೆಯ ದಡದಲ್ಲಿ ಆದ ಕಾರ್ಯವೇ ಫರಕ್ಕಾದಲ್ಲಿ ಎರಡು ರಾಷ್ಟ್ರಗಳ ನಡುವೆ ಆಯಿತು. ಕಾಲುವೆಯನ್ನು ಬಲ್ಲವನೂ ಸಂಧಿಯನ್ನು ಮಾಡಿದವನೂ ಒಬ್ಬನೇ ಆದುದರಿಂದ, ಎರಡನ್ನೂ ಕೂಡಿಸಿ ಅವನೊಬ್ಬನನ್ನೇ ಪ್ರಶ್ನಿಸಬಹುದಾಗಿತ್ತು.

ತುಂಗಭದ್ರೆಯ ವಿಷಯವು ಇಂದಿಗೂ ಎರಡು ಸಭೆಗಳಿಗೆ ಹಂಚಿಹೋಗಿರುವುದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ, ತಾತ್ಕಾಲಿಕ ಗೇಟು ನಿಲ್ಲುವವರೆಗೆ ದಿನಗಟ್ಟಲೆ ನೀರು ಹರಿದುಹೋಯಿತು. ಅಣೆಕಟ್ಟು ಕೇಂದ್ರವು ರಚಿಸಿದ ತುಂಗಭದ್ರಾ ಮಂಡಳಿಯ ಅಧೀನ. ಎಡದಂಡೆಯ ಕಾಲುವೆಯ ಆಡಳಿತ ಕರ್ನಾಟಕದ್ದು. ಸರಪಳಿ ಏಕೆ ಕಡಿಯಿತೆಂದು ಕೊಪ್ಪಳದ ಸದಸ್ಯನು ದಿಲ್ಲಿಯಲ್ಲಿ ಕೇಳಬೇಕು, ಎರಡನೆಯ ಬೆಳೆಗೆ ನೀರು ಉಂಟೇ ಎಂದು ಗಂಗಾವತಿಯ ಶಾಸಕನು ಬೆಂಗಳೂರಿನಲ್ಲಿ ಕೇಳಬೇಕು.