ಮಳೆಗಾಲದ ಜ್ವರ ಯಾವ ದಾರಿಯಲ್ಲಿ ಬಂತು?

ಮಳೆ ಹಿಡಿದು ಕೆಲವು ವಾರ ಕಳೆಯುವಷ್ಟರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮುಂದಿನ ಸಾಲು ಉದ್ದವಾಗುತ್ತದೆ. ಬಂದವರೆಲ್ಲ ಹೇಳುವುದು ಹೆಚ್ಚುಕಮ್ಮಿ ಒಂದೇ: ಜ್ವರ, ಮೈಕೈ ನೋವು, ಸುಸ್ತು. ಆದರೆ ಒಬ್ಬರಿಗೆ ಸೊಳ್ಳೆ ಕಚ್ಚಿ ಹತ್ತಿದ ವೈರಸ್, ಇನ್ನೊಬ್ಬರಿಗೆ ಕುಡಿದ ನೀರಿನಲ್ಲಿದ್ದ ಬ್ಯಾಕ್ಟೀರಿಯಾ, ಮತ್ತೊಬ್ಬರಿಗೆ ಗದ್ದೆಯ ಕೆಸರಿನಿಂದ ಕಾಲಿನ ಬಿರುಕಿನೊಳಗೆ ಹೊಕ್ಕ ರೋಗಾಣು. ಇವುಗಳ ಔಷಧಿಯೂ ಬೇರೆ, ತಡೆಯುವ ಕ್ರಮವೂ ಬೇರೆ. ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡದು. ಹಾಗಾಗಿ "ಒಂದು ಇಂಜೆಕ್ಷನ್ ಕೊಟ್ಟುಬಿಡಿ ಸಾರ್" ಎನ್ನುವುದಕ್ಕಿಂತ, ಹಿಂದಿನ ಹದಿನೈದು ದಿನ ಎಲ್ಲಿ ಕೆಲಸ ಮಾಡಿದೆ, ಎಲ್ಲಿಯ ನೀರು ಕುಡಿದೆ ಎಂದು ವೈದ್ಯರಿಗೆ ಹೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಡೆಂಗಿಯನ್ನೇ ತೆಗೆದುಕೊಳ್ಳೋಣ. ಇದನ್ನು ಹರಡುವ ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಬೆಳಗ್ಗೆ ಮತ್ತು ಇಳಿಹೊತ್ತಿನಲ್ಲಿ ಅದರ ಕಾಟ ಹೆಚ್ಚು. ಕೊಳಕು ಚರಂಡಿಗಿಂತ ಮನೆಯ ಸುತ್ತ ನಿಂತ ತಿಳಿನೀರು ಅದಕ್ಕೆ ಇಷ್ಟ. ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಹಳೇ ಟೈರು, ಮುಚ್ಚಳವಿಲ್ಲದ ಸಂಪು ಎಲ್ಲವೂ ಸಾಕು. ಕರಾವಳಿ, ಮಲೆನಾಡಿನ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲು ಹಿಡಿಯುವ ಚಿಪ್ಪುಗಳಲ್ಲೂ ನೀರು ನಿಂತರೆ ಅದು ಹುಟ್ಟುತ್ತದೆ. ಮೊಟ್ಟೆ ಇಡುವುದು ನೀರಿನ ಅಂಚಿಗೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ನೀರು ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ತೊಟ್ಟಿಯ ನೀರು ಚೆಲ್ಲಿದರೆ ಸಾಲದು, ಬ್ರಶ್ ಹಿಡಿದು ಗೋಡೆ ತಿಕ್ಕಿ ತೊಳೆಯಬೇಕು ಎನ್ನುವುದು ಇದಕ್ಕೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಈ ಕೆಲಸ ಮಾಡಿದರೆ ಸರಪಳಿ ತುಂಡಾಗುತ್ತದೆ. ಬೀದಿಯಲ್ಲಿ ಫಾಗಿಂಗ್ ಯಂತ್ರ ಹೊಗೆ ಬಿಟ್ಟುಹೋದರೆ ಜನಕ್ಕೆ ಸಮಾಧಾನ. ಆದರೆ ಆ ಹೊಗೆಗೆ ಸಾಯುವುದು ಆಗ ಹಾರಾಡುತ್ತಿರುವ ಸೊಳ್ಳೆ ಮಾತ್ರ. ನಿಮ್ಮ ಸಂಪಿನೊಳಗಿನ ಮರಿಗಳು ಹಾಗೇ ಇರುತ್ತವೆ.

ಡೆಂಗಿ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್, ದೇಹಕ್ಕೆ ಬೇಕಾದಷ್ಟು ದ್ರವ, ಇಷ್ಟೇ ಚಿಕಿತ್ಸೆಯ ಬೆನ್ನೆಲುಬು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಪ್ಲೇಟ್‌ಲೆಟ್ ಲೆಕ್ಕ ಕೇಳಿ ಕುಟುಂಬಗಳು ಗಾಬರಿಯಾಗುವುದನ್ನು ಎಲ್ಲೆಡೆ ಕಾಣುತ್ತೇವೆ. ಅದಕ್ಕಿಂತ ಮುಖ್ಯವಾಗಿ ಗಮನಿಸಬೇಕಾದದ್ದು ಜ್ವರ ಇಳಿಯುವ ಹೊತ್ತನ್ನು. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ ಜ್ವರ ಬಿಟ್ಟು "ಗುಣವಾಯಿತು" ಅನ್ನಿಸಿದಾಗಲೇ ಕೆಲವರಲ್ಲಿ ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಕು ಕವಿಯುವುದು, ಇದರಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಬೇಕು.

ಮಲೇರಿಯಾದ ಕಥೆ ಬೇರೆ. ಅದು ಅನಾಫಿಲಿಸ್ ಸೊಳ್ಳೆಯಿಂದ ಬರುವ ಪರಾವಲಂಬಿ ಜೀವಿಯ ಕಾಯಿಲೆ. 1897ರಲ್ಲಿ ಸಿಕಂದರಾಬಾದಿನಲ್ಲಿ ವೈದ್ಯ ರೊನಾಲ್ಡ್ ರಾಸ್ ಆ ಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು. ಈ ಸೊಳ್ಳೆ ಕಚ್ಚುವುದು ರಾತ್ರಿ, ಹಾಗಾಗಿ ಇಲ್ಲಿ ಸೊಳ್ಳೆಪರದೆ ದೊಡ್ಡ ರಕ್ಷಣೆ. ಮಲೇರಿಯಾದ ಪರಾವಲಂಬಿಯನ್ನು ಕೊಲ್ಲುವ ಔಷಧಿಯೂ ಇದೆ.

ಇಲಿಜ್ವರದ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಶಿವಮೊಗ್ಗ, ಉಡುಪಿ, ಉತ್ತರ ಕನ್ನಡದಂಥ ಕಡೆ ನಾಟಿಗೆ ಇಳಿದವರಿಗೆ, ಚರಂಡಿ ಕೆಲಸದವರಿಗೆ ಇದು ನಿಜವಾದ ಅಪಾಯ. ಇಲಿ, ದನ, ನಾಯಿಗಳ ಮೂತ್ರದಲ್ಲಿ ಹೊರಬರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ನಿಂತ ನೀರು, ಕೆಸರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಗಂಟೆಗಟ್ಟಲೆ ನೆನೆದು ಮೆತ್ತಗಾದ ಚರ್ಮ, ಹಿಮ್ಮಡಿಯ ಬಿರುಕು, ಮುಳ್ಳು ಚುಚ್ಚಿದ ಗಾಯ ಅದಕ್ಕೆ ಬಾಗಿಲು. ಒಮ್ಮೆಲೇ ಜೋರು ಜ್ವರ, ಕೆಂಪಾದ ಕಣ್ಣು, ಮುಟ್ಟಲಾಗದಷ್ಟು ಮೀನಖಂಡದ ನೋವು ಇದರ ಗುರುತು. ಮೊದಲ ದಿನಗಳಲ್ಲೇ ಹಿಡಿದರೆ ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಗುಳಿಗೆಗೆ ಬಗ್ಗುತ್ತದೆ. ಬಿಟ್ಟರೆ ಕಾಮಾಲೆ, ಮೂತ್ರಪಿಂಡದ ವೈಫಲ್ಯ. ಗದ್ದೆಯಲ್ಲಿ ನಿಂತು ದುಡಿದಿದ್ದೇನೆ ಎಂಬ ಒಂದು ಮಾತನ್ನು ಹೇಳದೆ ಹೋದರೆ ಇದು ಡೆಂಗಿಯ ನೆರಳಲ್ಲಿ ಕಳೆದುಹೋಗುತ್ತದೆ. ಗಮ್‌ಬೂಟು, ಗಾಯಕ್ಕೆ ನೀರು ಸೋರದ ಪಟ್ಟಿ, ಕೆಲಸ ಮುಗಿದೊಡನೆ ಸೋಪಿನಿಂದ ಕಾಲು ತೊಳೆಯುವುದು ತಡೆಯುವ ದಾರಿ. ಕೂಲಿಗೆ ಕರೆದವರೇ ಬೂಟು ಕೊಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದಿನಗೂಲಿಯಲ್ಲಿ ಅದನ್ನು ಕೊಳ್ಳಿ ಎನ್ನುವುದು ನ್ಯಾಯವಲ್ಲ.

ಟೈಫಾಯ್ಡ್, ಕಾಲರಾ, ವಾಂತಿಭೇದಿ ಬಾಯಿಯ ಮೂಲಕ ಬರುವವು. ಟೈಫಾಯ್ಡ್ ರೋಗಾಣು ಮನುಷ್ಯರಲ್ಲಿ ಮಾತ್ರ ಬದುಕುವುದರಿಂದ, ಅದು ನೀರಿಗೆ ಬಿತ್ತೆಂದರೆ ಎಲ್ಲೋ ಮಲ ಸೇರಿದೆ ಎಂದೇ ಅರ್ಥ. ಎರಡು ಮೂರು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಇದು ಸುಲಭವಾಗಿ ಆಗುತ್ತದೆ: ಪೈಪು ಖಾಲಿಯಿದ್ದಾಗ ಒಳಗೆ ಒತ್ತಡವಿರುವುದಿಲ್ಲ, ಪಕ್ಕದ ಚರಂಡಿಯ ನೀರು ಬಿರುಕಿನಿಂದ ಒಳಗೆ ಇಳಿಯುತ್ತದೆ. ನಲ್ಲಿ ಬಂದಾಗ ಮೊದಲ ನೀರನ್ನು ಕುಡಿಯಲು ಹಿಡಿಯಬೇಡಿ. ನೀರು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲಿ, ತೆಗೆಯಲು ಉದ್ದ ಹಿಡಿಯ ಸೌಟು ಇರಲಿ. ಕುದಿಸಿದ ನೀರಿಗೆ ಲೋಟದ ಸಮೇತ ಕೈ ಅದ್ದಿದರೆ ಕುದಿಸಿದ್ದು ದಂಡ.

ಭೇದಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಮೈಯ ನೀರು, ಉಪ್ಪು ಬರಿದಾಗುವುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಎದ್ದು, ನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲುಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಕುಡಿಸತೊಡಗಿದರು. ಅವರ ಶಿಬಿರದಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕರುಳು ಕಾಯಿಲೆ ಬಿದ್ದಾಗಲೂ ಗ್ಲುಕೋಸ್ ತನ್ನೊಡನೆ ಉಪ್ಪನ್ನು ಒಳಕ್ಕೆ ಎಳೆದೊಯ್ಯುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಇಂಥ ಮಿಶ್ರಣದ ಸಿದ್ಧ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಿಂದ ಸ್ವಲ್ಪ ಸ್ವಲ್ಪವೇ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ.

ಜ್ವರ ತರದಿದ್ದರೂ, ಜೀವಕ್ಕೆ ಅಪಾಯವಿಲ್ಲದಿದ್ದರೂ ಮಳೆಗಾಲದಲ್ಲಿ ಮನೆಮಂದಿಯನ್ನೆಲ್ಲ ಕಾಡುವ ಇನ್ನೊಂದು ಸೋಂಕು ಹುಳುಕಡ್ಡಿ. ಇದು ಶಿಲೀಂಧ್ರದಿಂದ ಬರುವುದು. ಒಣಗದ ಬಟ್ಟೆ, ಬಿಗಿಯಾದ ಜೀನ್ಸ್, ಹಂಚಿಕೊಂಡ ಟವೆಲ್ ಇದನ್ನು ಹರಡುತ್ತವೆ. ಇಲ್ಲಿ ಆಗುತ್ತಿರುವ ದೊಡ್ಡ ಅನಾಹುತವೆಂದರೆ ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟಿರಾಯ್ಡ್ ಬೆರೆತ ಮುಲಾಮು. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಆದರೆ ಚರ್ಮದ ಪ್ರತಿರೋಧ ಕುಗ್ಗಿ ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ, ಬಿಟ್ಟೊಡನೆ ದುಪ್ಪಟ್ಟಾಗಿ ಮರಳುತ್ತದೆ. ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೆಕ್ಲೊಮೆಥಸೋನ್, ಬೆಟಾಮೆಥಸೋನ್ ಎಂದಿದ್ದರೆ ಹುಳುಕಡ್ಡಿಗೆ ಹಚ್ಚಬೇಡಿ. ಶಿಲೀಂಧ್ರದ ಔಷಧಿಯನ್ನು ತುರಿಕೆ ನಿಂತ ಮೇಲೂ ವೈದ್ಯರು ಹೇಳಿದಷ್ಟು ವಾರ ಹಚ್ಚಿ. ಒಳಉಡುಪುಗಳನ್ನು ಬಿಸಿನೀರಲ್ಲಿ ಬೇರೆಯಾಗಿ ಒಗೆದು, ಬಿಸಿಲಿಲ್ಲದ ದಿನಗಳಲ್ಲಿ ಹೊಲಿಗೆಯ ಅಂಚಿಗೆ ಒಳಮೈಯಿಂದ ಇಸ್ತ್ರಿ ಹಾಕಿ. ಮನೆಯಲ್ಲಿ ಒಬ್ಬರಿಗೆ ಕಂಡರೆ ಉಳಿದವರ ಮೈಯನ್ನೂ ತೋರಿಸಿ, ಇದ್ದವರೆಲ್ಲರಿಗೂ ಒಟ್ಟಿಗೇ ಚಿಕಿತ್ಸೆ ಮಾಡಿಸಿ.